ಏಕಾದಶಿ ಮಾಡಿದ ಕಲ್ಲು

ಭೀಮಾ ನದಿಯ ದಂಡೆಯ ಆಶ್ರಮದಲ್ಲಿ ಪ್ರಾಣೇಶನೆಂಬ ಶಿಷ್ಯನಿದ್ದ. ಬುದ್ಧಿವಂತ. ಅದು ಅವನಿಗೂ ಗೊತ್ತಿತ್ತು, ತೊಂದರೆಯೆಲ್ಲ ಅಲ್ಲೇ.

ಒಮ್ಮೆ ಹೊಳೆಯಲ್ಲಿ ಸಿಕ್ಕ ಕರಿಗಲ್ಲನ್ನು ನೀರಿನ ಗಡಿಗೆಗೆ ಹಾಕಿ, ತನ್ನ ಕೋಣೆಯ ಗೋಡೆಗೂಡಿನಲ್ಲಿಟ್ಟ. ಮಧ್ಯಾಹ್ನ ಮುಟ್ಟಿದರೆ ನೀರು ಉಗುರುಬೆಚ್ಚಗೆ! ಬೆಂಕಿಯಿಲ್ಲ, ಬಿಸಿಲಿಲ್ಲ. ದಿನವೂ ಹೀಗೇ ಆಯಿತು.

ಕಲ್ಲಿನ ಕಣವೂ ನೀರಿನ ಕಣವೂ ತಣ್ಣಗೆ ಒಂದಾಗಿ ಶಾಖ ಹುಟ್ಟಿಸುತ್ತವೆ ಎಂದು ನಲವತ್ತು ತಾಳೆಗರಿ ಬರೆದ. ಏಕಾದಶಿಯ ದಿನ ಮಾತ್ರ ನೀರು ಬಿಸಿಯಾಗಲಿಲ್ಲ. ಅದಕ್ಕೂ ಒಂದು ಗರಿ ಬರೆದ: 'ಏಕಾದಶಿಯಂದು ಈ ಕಲ್ಲಿಗೂ ಉಪವಾಸ.'

ಗುರು ನರಹರಿ ಆಚಾರ್ಯರು ಎಲ್ಲವನ್ನೂ ಓದಿದರು.

"ಕಲ್ಲಿಲ್ಲದ ಗಡಿಗೆ ಇಟ್ಟು ನೋಡಿದೆಯೇನಪ್ಪ?"

"ಕಾರಣ ಇಷ್ಟು ಸ್ಪಷ್ಟವಾಗಿರುವಾಗ ನೋಡುವುದೇನು ಗುರುಗಳೇ? ಒಂದು ಕಲ್ಲಿಗೆ ನೀರು ಬೆಚ್ಚಗಾದರೆ ನಲವತ್ತು ಕಲ್ಲಿಗೆ ಅನ್ನ ಬೇಯಲೇಬೇಕು. ಬರುವ ದ್ವಾದಶಿಯ ಅಡುಗೆ ನನಗೆ ಬಿಡಿ."

"ಆಗಲಿ," ಎಂದರು ಗುರುಗಳು.

ಏಕಾದಶಿಯ ಸಂಜೆ ಸೌದೆ ಹೊತ್ತು ಬಂದ ದ್ಯಾಮವ್ವನನ್ನು ಪ್ರಾಣೇಶ ಬಾಗಿಲಲ್ಲೇ ತಿರುಗಿಸಿ ಕಳಿಸಿದ. "ಇನ್ನು ಮೇಲೆ ಸೌದೆ ಬೇಡವ್ವ. ಕಲ್ಲೇ ಅನ್ನ ಮಾಡುತ್ತದೆ."

ಮರುದಿನ ಬೆಳಗಾಗುತ್ತಲೇ ಐವತ್ತು ಮಂದಿ ಉಪವಾಸ ಮುರಿಯಲು ಎಲೆಯ ಮುಂದೆ ಕೂತರು. ಎಂಬತ್ತು ದಾಟಿದ ಗುರುಗಳೂ ಹಿಂದಿನ ಇಡೀ ದಿನ ಹನಿ ನೀರು ಮುಟ್ಟಿರಲಿಲ್ಲ.

ರಾತ್ರಿಯೇ ಅಕ್ಕಿ, ನೀರು, ನಲವತ್ತು ಕಲ್ಲು ಹಾಕಿಟ್ಟಿದ್ದ ಕೊಪ್ಪರಿಗೆಯ ಮುಚ್ಚಳವನ್ನು ಪ್ರಾಣೇಶ ತೆಗೆದ. ಅಕ್ಕಿ ಅಕ್ಕಿಯಾಗಿಯೇ ಇತ್ತು. ಕೈಯಿಟ್ಟ. ಹೊಳೆಯ ನೀರಿನಷ್ಟೇ ತಣ್ಣಗೆ.

"ನಿನ್ನೆ ಉಪವಾಸ, ಒಪ್ಪಿದೆ," ಎಂದರು ಗುರುಗಳು. "ಇವತ್ತು ನಾವೆಲ್ಲ ಊಟಕ್ಕೆ ಕೂತಿದ್ದೇವೆ. ನಿನ್ನ ಕಲ್ಲು ಯಾಕಪ್ಪ ಇನ್ನೂ ಎದ್ದಿಲ್ಲ?"

ಯಾರೋ ಕಿಸಕ್ಕನೆ ನಕ್ಕರು. ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು ಪ್ರಾಣೇಶನಿಗೆ. ಆದರೆ ಆ ನಗುವಿಗಿಂತ ಗುರುಗಳ ಒಣಗಿದ ತುಟಿ ನೋಡಿ ಅವನಿಗೆ ಹೆಚ್ಚು ನಾಚಿಕೆಯಾಯಿತು.

ದ್ಯಾಮವ್ವನ ಮನೆಗೆ ಓಡಿದ.

"ಯಾಕ್ರೀ ಸ್ವಾಮಿ, ಕಲ್ಲು ಅನ್ನಾ ಮಾಡಲಿಲ್ಲೇನು?" ಎಂದಳು ಆಕೆ.

ಪ್ರಾಣೇಶ ಕೈಮುಗಿದು ಸೌದೆ ಕೇಳಿದ. ಹೊರೆಯನ್ನು ತಾನೇ ಹೊತ್ತು ತಂದ.

ಒಲೆ ಹೊತ್ತಿತು. ಗುರುಗಳು ಅವನ ಗಡಿಗೆಯಿಂದ ಕಲ್ಲು ತೆಗೆದು ಬದಿಗಿಟ್ಟರು. ತಣ್ಣೀರು ತುಂಬಿ, ಗಡಿಗೆಯನ್ನು ಅದೇ ಗೂಡಿನಲ್ಲಿಟ್ಟರು.

ಎಲ್ಲರ ಊಟ ಮುಗಿದ ಮೇಲೆ ಅವನನ್ನು ಕರೆದರು. "ಮುಟ್ಟು."

ನೀರು ಉಗುರುಬೆಚ್ಚಗಿತ್ತು.

ಗುರುಗಳು ಅವನ ಕೈ ಹಿಡಿದು ಗೂಡಿನ ಹಿಂಗೋಡೆಗೆ ಒತ್ತಿದರು. ಸುಡುತ್ತಿತ್ತು. ಗೋಡೆಯ ಆಚೆ ಅಡುಗೆಮನೆ. ಒಲೆ ಆ ಗೋಡೆಗೇ ಅಂಟಿಕೊಂಡಿತ್ತು. ಏಕಾದಶಿಯಂದು ಮಾತ್ರ ಅದನ್ನು ಹೊತ್ತಿಸುತ್ತಿರಲಿಲ್ಲ. ಮೂರು ವರ್ಷ ಆ ಕೋಣೆಯಲ್ಲೇ ಮಲಗಿದ್ದವನಿಗೆ ಅಷ್ಟೂ ಹೊಳೆದಿರಲಿಲ್ಲ.

ಪ್ರಾಣೇಶ ಗರಿಗಳ ಕಟ್ಟನ್ನು ತಂದು ಗುರುಗಳ ಮುಂದೆ ನಿಂತ. ಕಣ್ಣು ತುಂಬಿತ್ತು. "ಇವನ್ನು ಒಲೆಗೆ ಹಾಕಿಬಿಡಲೇ?"

"ಬೇಡ. ಎಲ್ಲಕ್ಕೂ ಮೇಲೆ ಇನ್ನೊಂದು ಗರಿ ಕಟ್ಟು. ಅದರಲ್ಲಿ ಒಂದೇ ಸಾಲು ಬರಿ: ಕಲ್ಲಿಲ್ಲದ ಗಡಿಗೆಯೂ ಬಿಸಿಯಾಯಿತು."