ಪಕ್ಕಕ್ಕೆ ನೋಡತಕ್ಕದ್ದಲ್ಲ

"ಗುರುಗಳ, ತಕ್ಕ ಶಿಷ್ಯರು ಸಿಗಲಿಲ್ಲ ಅಂದ್ರ ಕಲಿಸಾಂವ ಏನು ಮಾಡಬೇಕ್ರಿ?" ಎಂದು ಚನ್ನವೀರ ಕೇಳಿದ.

ಚನ್ನವೀರ ಹನ್ನೆರಡು ವರ್ಷ ಗುರುಗಳ ಹತ್ತಿರ ಹಾಡುಗಾರಿಕೆ ಕಲಿತವನು. ಈಗ ದೂರದ ಊರಿನ ಶಾಲೆಯೊಂದರಲ್ಲಿ ಸಂಗೀತದ ಮಾಸ್ತರ. ಆ ಶಾಲೆಯ ಮಕ್ಕಳಿಗೆ ಶ್ರುತಿಯ ಗಂಧವಿಲ್ಲ, ಮನಸ್ಸೆಲ್ಲ ಗಣಿತದ ಮೇಲೆ, ಕೆಲಸ ಬಿಡಬೇಕೆಂದಿದ್ದೇನೆ ಎಂದು ತೋಡಿಕೊಳ್ಳಲು ಬಂದಿದ್ದ. ಗುರುಗಳು ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ಒಂದು ಕತೆ ಹೇಳಿದರು. ಅದೂ ಕಾಲ್ಚೆಂಡಿನ ಕತೆ. ಚೆಂಡು ದುಂಡಗಿರುತ್ತದೆ ಎನ್ನುವುದರ ಆಚೆಗೆ ಗುರುಗಳಿಗೆ ಆ ಆಟ ತಿಳಿದಿರಬಹುದೆಂದು ಚನ್ನವೀರ ಎಣಿಸಿರಲಿಲ್ಲ.

ಒಂದು ವಿಶ್ವವಿದ್ಯಾಲಯವಿತ್ತು. ನೂರು ಮಂದಿ ಪರೀಕ್ಷೆ ಬರೆದರೆ ಅಲ್ಲಿ ಒಬ್ಬನಿಗೆ ಸೀಟು ಸಿಗುತ್ತಿತ್ತು. ಉಳಿದ ತೊಂಬತ್ತೊಂಬತ್ತು ಮಂದಿಯ ತಂದೆತಾಯಂದಿರು ಆ ಒಬ್ಬನ ಹೆಸರು ಹೇಳಿ ತಮ್ಮ ಮಕ್ಕಳನ್ನು ಬೈಯುತ್ತಿದ್ದರು. ಅಲ್ಲಿ ದೊಡ್ಡ ಗ್ರಂಥಾಲಯವಿತ್ತು, ಪ್ರಯೋಗಾಲಯಗಳಿದ್ದವು, ಒಂದು ಮೈದಾನವೂ ಕಾಲ್ಚೆಂಡಿನ ತಂಡವೂ ಇದ್ದವು. ಆ ತಂಡ ಹನ್ನೊಂದು ವರ್ಷಗಳಿಂದ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ.

ಅಲ್ಲಿಗೆ ಒಬ್ಬ ತರಬೇತುದಾರ ಬಂದ. ಅವನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಒಂದು ಕಾರ್ಖಾನೆಯ ತಂಡದಲ್ಲಿ ಇಪ್ಪತ್ತು ವರ್ಷ ಆಡಿದ್ದ. ಕಾರ್ಖಾನೆ ಮುಚ್ಚಿತು, ತಂಡವೂ ಮುಚ್ಚಿತು. ಕಾಲ್ಚೆಂಡು ಬಿಟ್ಟರೆ ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ಕುಲಪತಿಗಳು ಅವನನ್ನು ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದರು. ಈ ವರ್ಷದ ಐದು ಪಂದ್ಯಗಳಲ್ಲಿ ಒಂದನ್ನಾದರೂ ಗೆಲ್ಲಬೇಕು. ಗೆಲ್ಲದಿದ್ದರೆ ತಂಡವನ್ನು ನಿಲ್ಲಿಸಿ, ಆ ಮೈದಾನದಲ್ಲಿ ಹೊಸ ಪರೀಕ್ಷಾ ಭವನ ಕಟ್ಟಲಾಗುವುದು. ಪರೀಕ್ಷಾ ಭವನಕ್ಕೆ ತರಬೇತುದಾರ ಬೇಕಾಗುವುದಿಲ್ಲ ಎಂಬುದನ್ನು ಅವರು ಬಿಡಿಸಿ ಹೇಳಲಿಲ್ಲ.

ಕಾರ್ಖಾನೆಯಲ್ಲಿ ಆಟಗಾರರನ್ನು ಕಾಲು ನೋಡಿ ಆರಿಸುತ್ತಿದ್ದರು. ಚೆನ್ನಾಗಿ ಆಡುವವನಿಗೆ ನೌಕರಿ ಸಿಗುತ್ತಿತ್ತು. ಸುತ್ತಲಿನ ಕಾಲೇಜುಗಳೂ ಹಾಗೆಯೇ ಕಾಲು ನೋಡಿ ಸೀಟು ಕೊಡುತ್ತಿದ್ದವು. ಇಲ್ಲಿ ಆರಿಸುವ ಕೆಲಸವನ್ನು ಪರೀಕ್ಷೆ ಮೊದಲೇ ಮುಗಿಸಿತ್ತು. ತಲೆ ನೋಡಿ ಆರಿಸಿದವರ ಪೈಕಿ ಸಂಜೆ ಮೈದಾನಕ್ಕೆ ಬಂದವರೇ ಅವನ ತಂಡ. ಅವರೂ ವೇಳೆಗೆ ಸರಿಯಾಗಿ ಬರುತ್ತಿರಲಿಲ್ಲ. ಒಬ್ಬ ಪ್ರಯೋಗಾಲಯ ಮುಗಿಸಿ ಬರುವನು, ಇನ್ನೊಬ್ಬ ಗ್ರಂಥಾಲಯ ಮುಚ್ಚಿದ ಮೇಲೆ ಬರುವನು. ಚೆಂಡು ಬಂದರೆ ಒದೆಯಪ್ಪಾ ಎಂದರೆ, ಯಾವ ಕೋನದಲ್ಲಿ ಎಂದು ಕೇಳುವರು. ಉತ್ತರ ಸಿಗದೆ ಕಾಲೆತ್ತುವವರಲ್ಲ.

ಆದರೂ ಅವರು ದಡ್ಡರೇನಲ್ಲ. ಬೇರೆಯವರು ತಿಂಗಳಲ್ಲಿ ಕಲಿಯುವುದನ್ನು ವಾರದಲ್ಲಿ ಕಲಿತರು. ಓಡು ಎಂದರೆ ಓಡಿದರು. ಒಂದೇ ಒಂದು ಕೆಲಸ ಅವರಿಂದ ಆಗಲಿಲ್ಲ. ಚೆಂಡು ಕಾಲಿಗೆ ಸಿಕ್ಕಿದವನು ತಲೆ ತಗ್ಗಿಸಿಕೊಂಡು ಒಬ್ಬನೇ ಹೋಗುವನು. ಎಡಕ್ಕೆ ಜೊತೆಯವನು ಖಾಲಿ ನಿಂತಿರುವನು, ಬಲಕ್ಕೆ ಇಬ್ಬರು ನಿಂತಿರುವರು, ಇವನು ನೋಡುವುದೇ ಇಲ್ಲ. ತರಬೇತುದಾರ ಗಂಟಲು ಹರಿಯುವಂತೆ ಪಾಸ್, ಪಾಸ್ ಎಂದು ಕೂಗುವನು. ಕೂಗಿದಷ್ಟೂ ಹುಡುಗನ ತಲೆ ಇನ್ನಷ್ಟು ತಗ್ಗುವುದು. ಮೊದಲ ಮೂರು ಪಂದ್ಯಗಳು ಹೀಗೆ ಕೈಬಿಟ್ಟುಹೋದವು. ಮೂರನೆಯದರಲ್ಲಿ ಎದುರಾಳಿಗಳು ಏಳು ಗೋಲು ಹೊಡೆದು, ಎಂಟನೆಯದನ್ನು ನಾಚಿಕೆಪಟ್ಟು ಬಿಟ್ಟರು.

ತರಬೇತುದಾರನಿಗೆ ತಲೆ ಕೆಟ್ಟಿತು. ಪ್ರತಿಯೊಬ್ಬನೂ ತನ್ನೂರಿನ ಶಾಲೆಗೆ ಮೊದಲನೆಯವನು, ಇನ್ನೊಬ್ಬನಿಗೆ ಬಿಟ್ಟುಕೊಡುವ ಗುಣ ಇವರ ರಕ್ತದಲ್ಲೇ ಇಲ್ಲ ಎಂದು ಅವನು ತೀರ್ಮಾನಿಸಿದ. ಹುಡುಗರನ್ನು ಸಾಲಾಗಿ ನಿಲ್ಲಿಸಿ, ನೀವು ಈ ಆಟಕ್ಕೆ ತಕ್ಕವರಲ್ಲ ಎಂದ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು, ಎದುರು ಮಾತಾಡಲಿಲ್ಲ. ಅದನ್ನೂ ಅವನು ಸೊಕ್ಕು ಎಂದೇ ತಿಳಿದ. ಕೆಲಸ ಬಿಡುತ್ತೇನೆಂದು ಒಂದು ಕಾಗದ ಬರೆದು ಅಂಗಿಯ ಜೇಬಿಗಿಟ್ಟುಕೊಂಡ.

ಕಾಗದ ಕೊಡಲು ಕಚೇರಿಗೆ ಹೋದ ದಿನ ಅಲ್ಲಿ ಪರೀಕ್ಷೆ ಶುರುವಾಗುವುದರಲ್ಲಿತ್ತು. ಮೇಲ್ವಿಚಾರಣೆಗೆ ಜನ ಸಾಲದೆ ಗುಮಾಸ್ತ ಪೇಚಾಡುತ್ತಿದ್ದ. ಇವನ ಮುಖ ಕಂಡದ್ದೇ ತಡ, ಕೈಗೆ ಒಂದು ಸೂಚನಾ ಪತ್ರ ಕೊಟ್ಟು ದೊಡ್ಡ ಕೋಣೆಗೆ ಕಳಿಸಿದ. ಏಳನೆಯ ಇಯತ್ತೆಯ ನಂತರ ಅವನು ಪರೀಕ್ಷೆಯ ಕೋಣೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಅವನ ಹುಡುಗರೆಲ್ಲ ಅಲ್ಲಿ ಬೇರೆ ಬೇರೆ ಸಾಲುಗಳಲ್ಲಿ ಕೂತಿದ್ದರು. ಅವನು ಸೂಚನೆಗಳನ್ನು ಗಟ್ಟಿಯಾಗಿ ಓದಿದ. ಮೂರನೆಯ ಸೂಚನೆ ಹೀಗಿತ್ತು: ಪರೀಕ್ಷಾರ್ಥಿಗಳು ಯಾವ ಕಾರಣಕ್ಕೂ ಪಕ್ಕಕ್ಕೆ ನೋಡತಕ್ಕದ್ದಲ್ಲ.

ಓದಿ ಮುಗಿಸಿದ ಕೂಡಲೇ ಕೋಣೆಯ ಕುತ್ತಿಗೆಗಳೆಲ್ಲ ಒಟ್ಟಿಗೆ ಬಾಗಿದವು. ಮೂರು ಗಂಟೆ ಹೊತ್ತು ಒಂದೂ ಅತ್ತಿತ್ತ ತಿರುಗಲಿಲ್ಲ. ನಡುವೆ ಅವನ ತಂಡದ ನಾಯಕನ ಅಡಿಪಟ್ಟಿ ಜಾರಿ ಎಡಕ್ಕೆ ಬಿತ್ತು. ಹುಡುಗ ಕಣ್ಣನ್ನು ಕಾಗದದಿಂದ ಎತ್ತದೆ ಕೈ ಎತ್ತಿದ. ತರಬೇತುದಾರ ಹತ್ತಿರ ಹೋದ.

"ಸರ್, ನನ್ನ ಅಡಿಪಟ್ಟಿ ಬಿದ್ದದರಿ. ಆ ಕಡೆ ನೋಡ್ಲ್ಯಾ?" ಎಂದು ಹುಡುಗ ಪಿಸುಗುಟ್ಟಿದ.

ತರಬೇತುದಾರ ತಾನೇ ಬಗ್ಗಿ ಅಡಿಪಟ್ಟಿ ಎತ್ತಿಕೊಟ್ಟ. ಮತ್ತೆ ಗೋಡೆಯ ಹತ್ತಿರ ಹೋಗಿ ನಿಂತಾಗ ಅವನಿಗೆ ವಿಷಯ ತಿಳಿಯಿತು. ಐದು ವರ್ಷದ ಕೂಸಾಗಿದ್ದಾಗಿನಿಂದ ಇವರಿಗೆ ಪಕ್ಕಕ್ಕೆ ನೋಡಬೇಡ ಎಂಬ ಮಾತನ್ನೇ ಹೇಳುತ್ತ ಬಂದಿದ್ದಾರೆ. ಅದನ್ನು ಎಲ್ಲರಿಗಿಂತ ನಿಷ್ಠೆಯಿಂದ ಪಾಲಿಸಿದವರೇ ಇಲ್ಲಿಗೆ ಬಂದು ಸೇರಿದ್ದಾರೆ. ಪಾಸ್ ಎಂಬ ಮಾತಿಗೆ ಇವರು ಕಂಡ ಅರ್ಥ ಒಂದೇ. ಅದು ಪಕ್ಕದವನನ್ನು ನೋಡದೆ ಒಬ್ಬನೇ ಕೂತು ಆಗಬೇಕಾದದ್ದು. ತಾನು ಸೊಕ್ಕು ಎಂದು ಕರೆದದ್ದು ಬರೀ ವಿಧೇಯತೆ. ಅವನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಆ ಹುಡುಗರ ಮೇಲೆ ಕನಿಕರವೂ ಬಂತು. ಜೇಬಿನ ಕಾಗದವನ್ನು ತೆಗೆದು, ಅದರ ಬೆನ್ನಿಗೆ ಮರುದಿನದ ಅಭ್ಯಾಸವನ್ನು ಬರೆದುಕೊಂಡ. ಗುಮಾಸ್ತನಿಗೆ ಉತ್ತರ ಪತ್ರಿಕೆಗಳನ್ನಷ್ಟೇ ಒಪ್ಪಿಸಿದ.

ಮರುದಿನ ಸಂಜೆ ಮೈದಾನದಲ್ಲಿ ಅವನು ನಾಯಕನನ್ನು ಕೇಳಿದ.

"ತಮ್ಮಾ, ನಾ ಪಾಸ್ ಅಂತ ಕೂಗಿದಾಗ ನಿನಗ ಏನಾಗ್ತದ?"

"ಪಾಸ್ ಅಂದ್ರ ಚೆಂಡು ಕೊಡಬೇಕು ಅಂತ ಗೊತ್ತದರಿ ಸರ್. ಆದ್ರ ಆ ಮಾತು ಕಿವಿಗೆ ಬಿದ್ದ ಕೂಡಲೇ ಕುತ್ತಿಗಿ ತಾನ ಕೆಳಗ ಹೋಗ್ತದರಿ."

ಉಳಿದವರು ಹೌದೆಂದು ತಲೆಯಾಡಿಸಿದರು. ತರಬೇತುದಾರ ಎಲ್ಲರನ್ನೂ ಹತ್ತಿರ ಕರೆದ. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದ.

"ಇವತ್ತಿನಿಂದ ಈ ಮೈದಾನದಾಗ ಪಾಸ್ ಅನ್ನೋ ಮಾತಿಲ್ಲ. ಇಲ್ಲಿ ಎಲ್ಲಾರೂ ಕಾಪಿ ಹೊಡೀಬಹುದು. ಎಡಗಡೆಯವನ್ನ ನೋಡ್ರಿ, ಬಲಗಡೆಯವನ್ನ ನೋಡ್ರಿ. ಯಾರೂ ಡಿಬಾರ್ ಮಾಡೂದಿಲ್ಲ."

ಹುಡುಗರು ಮುಖ ಮುಖ ನೋಡಿಕೊಂಡರು. ನಂತರ ನಕ್ಕರು. ಹುಟ್ಟಿದಂದಿನಿಂದ ಒಮ್ಮೆಯೂ ಕಾಪಿ ಹೊಡೆಯದವರಿಗೆ ಅದರಷ್ಟು ಮಜವಾದ ಪಾಠ ಸಿಕ್ಕಿರಲಿಲ್ಲ. ಅಂದಿನಿಂದ ಮೈದಾನದಲ್ಲಿ ಕಾಪಿ, ಕಾಪಿ ಎಂಬ ಕೂಗೇ ಕೂಗು. ಚೆಂಡು ಮುಟ್ಟುವ ಮುನ್ನ ಎಡಬಲದಲ್ಲಿ ನಿಂತವರ ಹೆಸರು ಹೇಳಬೇಕೆಂದು ಅವನು ಕಟ್ಟಳೆ ಮಾಡಿದ. ಅವರು ಹೇಳಿದರು. ಅವರ ನೆನಪಿನ ಶಕ್ತಿಯ ಬಗ್ಗೆ ಹೇಳಬೇಕೆ? ಹತ್ತು ದಿನಗಳಲ್ಲಿ ಕಣ್ಣು ಮುಚ್ಚಿದರೂ ಯಾರು ಎಲ್ಲಿದ್ದಾರೆಂದು ಹೇಳುವಂತಾದರು. ಯಾವ ಕೋನದಲ್ಲಿ ಎಂಬ ಪ್ರಶ್ನೆಗೂ ಈಗ ಅವನು ತಾಳ್ಮೆಯಿಂದ ಉತ್ತರ ಹೇಳತೊಡಗಿದ. ಹೇಳುತ್ತ ಹೇಳುತ್ತ, ಇಪ್ಪತ್ತು ವರ್ಷ ತಾನು ಹಾಗೆ ಏಕೆ ಒದೆಯುತ್ತಿದ್ದೆನೆಂಬುದು ಅವನಿಗೇ ಮೊದಲ ಸಲ ತಿಳಿಯಿತು.

ನಾಲ್ಕನೆಯ ಪಂದ್ಯದಲ್ಲಿ ಅವರು ಒಂದೇ ಗೋಲಿನಿಂದ ಸೋತರು. ಐದನೆಯದು ಉಳಿಯಿತು. ಕಾಲು ನೋಡಿ ಸೀಟು ಕೊಡುವ ಕಾಲೇಜಿನ ತಂಡವೇ ಎದುರಾಳಿ. ಪಂದ್ಯದ ಮರುದಿನ ಬೆಳಿಗ್ಗೆ ಹುಡುಗರಿಗೆ ಬಾಯಿಪರೀಕ್ಷೆ ಇತ್ತು. ಅರ್ಧ ಮಂದಿ ಬಂದರೆ ಹೆಚ್ಚು ಎಂದುಕೊಂಡು ತರಬೇತುದಾರ ಮೈದಾನಕ್ಕೆ ಹೋದ. ಹನ್ನೊಂದು ಮಂದಿಯೂ ಅವನಿಗಿಂತ ಮುಂಚೆ ಬಂದಿದ್ದರು. ಪ್ರಯೋಗಾಲಯದ ಹುಡುಗ ಗೋಲುಕಂಬಕ್ಕೆ ಒರಗಿ ಪುಸ್ತಕ ಓದುತ್ತಿದ್ದವನು, ಇವನನ್ನು ಕಂಡು ಮುಚ್ಚಿಟ್ಟು ಎದ್ದುನಿಂತ. ತರಬೇತುದಾರನಿಗೆ ಆಗ ಒಂದು ಮಾತು ಹೊಳೆಯಿತು. ತಾನು ಆಡಿದ್ದು ನೌಕರಿಗಾಗಿ. ಎದುರಿನವರು ಆಡುವುದು ಸೀಟಿಗಾಗಿ. ಈ ಹುಡುಗರಿಗೆ ಇದರಿಂದ ಒಂದು ಅಂಕವೂ ಹೆಚ್ಚಿಗೆ ಬರುವುದಿಲ್ಲ. ತಕ್ಕವರಲ್ಲ ಎಂದು ಬೈಸಿಕೊಂಡೂ ಬಂದಿದ್ದಾರೆ. ಇಂಥವರು ತನ್ನ ಪಾಲಿಗೆ ಬಂದರಲ್ಲ ಎಂದು ಅವನ ಮನಸ್ಸು ತುಂಬಿಬಂತು. ಸೋತರೂ ಸೈ, ಇವರಿಗೆ ಕಲಿಸುವ ಭಾಗ್ಯ ನನ್ನದಾಯಿತು ಎಂದುಕೊಂಡ.

ಕೊನೆಯ ಗಳಿಗೆಯವರೆಗೂ ಯಾರೂ ಗೋಲು ಹೊಡೆಯಲಿಲ್ಲ. ಆಗ ನಾಯಕನಿಗೆ ಚೆಂಡು ಸಿಕ್ಕಿತು. ಮುಂದೆ ಎದುರಾಳಿಗಳ ಗೋಲು ಕಾಯುವವನು ಒಬ್ಬನೇ. ಒದೆಯಲು ಕಾಲೆತ್ತಿದ ನಾಯಕ, ಅಷ್ಟರಲ್ಲಿ ಕುತ್ತಿಗೆ ತಿರುಗಿಸಿ ಎಡಕ್ಕೆ ನೋಡಿದ. ದಿನವೂ ತಡವಾಗಿ ಬರುತ್ತಿದ್ದ ಆ ಪ್ರಯೋಗಾಲಯದ ಹುಡುಗ ಅಲ್ಲಿ ಖಾಲಿ ನಿಂತಿದ್ದ. ನಾಯಕ ಚೆಂಡನ್ನು ಅವನತ್ತ ತಳ್ಳಿದ. ಗೋಲು ಕಾಯುವವನು ನಾಯಕನೇ ಒದೆಯುವನೆಂದು ನಂಬಿ ಆಗಲೇ ಒಂದು ಬದಿಗೆ ಹಾರಿ ಬಿದ್ದಿದ್ದ. ಪ್ರಯೋಗಾಲಯದ ಹುಡುಗ ಒದ್ದ ಚೆಂಡು ಖಾಲಿ ಗೋಲಿನೊಳಗೆ ಹೋಯಿತು.

ಪಂದ್ಯ ನೋಡಲು ಬಂದಿದ್ದ ಕುಲಪತಿಗಳು ತರಬೇತುದಾರನ ಕೈ ಕುಲುಕಿ, ಆ ಹುಡುಗ ತಾನೇ ಒದೆಯಬಹುದಿತ್ತಲ್ಲ, ಏಕೆ ಬಿಟ್ಟುಕೊಟ್ಟ ಎಂದು ಕೇಳಿದರು. ತರಬೇತುದಾರ ಅವರನ್ನು ಅಲ್ಲೇ ಬಿಟ್ಟು ಹುಡುಗರತ್ತ ನಡೆದ. ಹುಡುಗರು ಸುತ್ತ ನೆರೆದಾಗ ಅವನು ಅವರಿಗೆ ಕೈಮುಗಿದ. ಅವರಿಗೆ ನಾಚಿಕೆಯಾಯಿತು. ನಾಳೆಯ ಬಾಯಿಪರೀಕ್ಷೆ ಮುಗಿದ ಮೇಲೆ ಎಷ್ಟು ಹೊತ್ತಿಗೆ ಬರಬೇಕೆಂದು ಕೇಳಿ, ಓದಲು ಹೊರಟುಹೋದರು.

ಗುರುಗಳು ಕತೆ ನಿಲ್ಲಿಸಿದರು.

"ಆ ತರಬೇತುದಾರ ಪುಣ್ಯವಂತರಿ," ಎಂದ ಚನ್ನವೀರ. "ಅವಗ ತಕ್ಕ ಹುಡುಗರು ಸಿಕ್ಕಿದ್ರು. ಗೊತ್ತಾಗೂದು ತಡ ಆತು, ಅಷ್ಟ."

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು:

"ತಕ್ಕ ಶಿಷ್ಯ ಒಬ್ಬನೂ ಸಿಗಲಿಲ್ಲ ಅಂತ ನಾನೂ ಒಂದು ಕಾಲಕ್ಕ ಕೊರಗತಿದ್ದೆ ಚನ್ನವೀರಾ, ಆಗ ನೀ ನನ್ನ ಹತ್ರ ಬಂದು ಎರಡು ವರ್ಷ ಆಗಿತ್ತು."