ಗಾಜಿನ ಮನೆಗೆ ಬಂದ ಮಂಡಕ್ಕಿ

೧೯೮೩, ಡಿಸೆಂಬರ್ ೧೮, ಭಾನುವಾರ. ನನ್ನ ದಿನಚರಿಯ ಆ ಪುಟದಲ್ಲಿ ಮೊದಲು ಇರುವುದು ನನ್ನ ನಾದಿನಿ ಕನಕಾಂಬೆ ಗುರುಗಳಿಗೆ ಕೇಳಿದ ಪ್ರಶ್ನೆ: "ಗುರುಗಳೇ, ಪ್ರೀತಿಯಿಂದ ಕೊಡಲು ಬಂದವರಿಗೆ ಬೇಡ ಎನ್ನುವುದು ಪಾಪವಲ್ಲವೇ?"

ಅವಳ ಮನೆಗೆ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಬಂದವರು ಬೇಗ ಏಳುವುದೂ ಇಲ್ಲ. ಗುರುಗಳಿಗೆ ಅದು ಗೊತ್ತಿತ್ತು. ಉತ್ತರವಾಗಿ ಅವರು ಹೇಳಿದ ಕತೆಯನ್ನು ಮನೆಗೆ ಬಂದೊಡನೆ ಬರೆದಿಟ್ಟೆ. ಬಿ.ಎ. ತರಗತಿಯಲ್ಲಿ ಉಪನ್ಯಾಸ ಬರೆದುಕೊಂಡು ಪಳಗಿದ ಕೈ ಇದು, ಮಾತು ಬಿಟ್ಟುಹೋಗಿಲ್ಲ.

ಗುರುಗಳು ಹೇಳಿದರು:

ಹಿಮ ಬೀಳುವ ಒಂದು ಬೆಟ್ಟದ ಮೇಲೆ ಒಬ್ಬ ರೈತನೂ ಅವನ ಹೆಂಡತಿಯೂ ಇದ್ದರು. ಅವರ ಒಬ್ಬಳೇ ಮಗಳನ್ನು ಬಯಲುಸೀಮೆಗೆ ಕೊಟ್ಟಿತ್ತು. ಅವಳು ಚೊಚ್ಚಲ ಬಸುರಿ. ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ದಿನ ತುಂಬುವುದು ಹಿಮದ ತಿಂಗಳಲ್ಲಿ. ಬೀಗಿತ್ತಿ ಹೇಳಿಕಳಿಸಿದಳು: "ಒಂದೆಲೆ ಸೊಪ್ಪು ಉಳಿಯದ ಊರಿಗೆ ಬಸುರಿಯನ್ನು ಹೇಗೆ ಕಳಿಸಲಿ? ಹಾಲು ಬರಲು ಸಬ್ಬಸಿಗೆ ಸೊಪ್ಪು ಎಲ್ಲಿಂದ ತರುತ್ತೀರಿ?"

ತಾಯಿ ಮರುಮಾತು ಕಳಿಸಿದಳು: "ಬೆಳೆದು ತೋರಿಸುತ್ತೇನೆ. ಬಂದು ನೋಡಿ, ಆಮೇಲೆ ಹೇಳಿ."

ಹೇಳಿಬಿಟ್ಟಳು. ಹೇಗೆ ಬೆಳೆಯುವುದೆಂದು ಆಗ ಅವಳಿಗೇ ತಿಳಿದಿರಲಿಲ್ಲ. ತಿಳಿದಿದ್ದು ಒಂದೇ: ಹಗಲೆಲ್ಲ ಬಿಸಿಲು ಕುಡಿದ ದನದ ತೊಟ್ಟಿಯ ನೀರು ಹೊತ್ತು ಮುಳುಗಿದ ಮೇಲೂ ಬೆಚ್ಚಗಿರುತ್ತದೆ. ಆ ನೀರನ್ನು ಗಾಜಿನ ಒಳಗೆ ಇಟ್ಟರೆ?

ಮನೆಯ ದಕ್ಷಿಣದ ಗೋಡೆಗೆ ಒರಗಿಸಿ ಹಳೆಯ ಗಾಜಿನ ಕಿಟಕಿಗಳನ್ನು ಜೋಡಿಸಿದಳು. ಪೀಪಾಯಿಗಳ ಹೊರಮೈಗೆ ಮಸಿ ಬಳಿದು, ನೀರು ತುಂಬಿ, ಗೋಡೆಯುದ್ದಕ್ಕೂ ನಿಲ್ಲಿಸಿದಳು. ನಡುವೆ ಒಂದು ತೊಟ್ಟಿ ಕಟ್ಟಿ ಗೆಂಡೆ ಮೀನಿನ ಮರಿಗಳನ್ನು ಬಿಟ್ಟಳು. ಮೀನು ತಿನ್ನುವ ಮನೆಯಲ್ಲ ಅದು. ಮೀನಿನ ಹೊಲಸು ಗಿಡಕ್ಕೆ ಗೊಬ್ಬರ. ತೊಟ್ಟಿಯ ನೀರನ್ನು ಕೊಡದಲ್ಲಿ ಎತ್ತಿ ಜಲ್ಲಿ ತುಂಬಿ ಸಬ್ಬಸಿಗೆ ಬಿತ್ತಿದ ಪಾತಿಗೆ ಸುರಿದರೆ, ಬೇರುಗಳು ಗೊಬ್ಬರ ಹೀರಿಕೊಂಡು ತಿಳಿನೀರನ್ನು ಮತ್ತೆ ತೊಟ್ಟಿಗೆ ಇಳಿಸುತ್ತವೆ.

ಗಂಡ ನಕ್ಕ. "ಮಗಳಿಗೆ ಬಾಣಂತನ ಮಾಡುತ್ತೀಯೋ, ಮೀನಿಗೋ?"

"ಮೊದಲು ಮೀನಿಗೆ ಗೃಹಪ್ರವೇಶ. ನೀವು ಆ ಕಿಟಕಿ ಸರಿಯಾಗಿ ಹಿಡಿಯಿರಿ."

ಹಿಮ ಬಿತ್ತು. ಹೊರಗೆ ಅವರೆಯ ಬಳ್ಳಿ ಒಂದೇ ರಾತ್ರಿಗೆ ಕರಕಲಾಯಿತು. ಬೆಳಿಗ್ಗೆ ಅವಳು ಗಾಜಿನ ಮೇಲೆ ಹೊದಿಸಿದ್ದ ಗೋಣಿತಾಟು ಸರಿಸಿ ಒಳಗೆ ಕಾಲಿಟ್ಟಳು. ಗಾಜು ಬೆವರುತ್ತಿತ್ತು! ಪೀಪಾಯಿಗಳ ಮೈ ಇನ್ನೂ ಬೆಚ್ಚಗಿತ್ತು. ಜಲ್ಲಿಯ ನಡುವೆ ಸಬ್ಬಸಿಗೆ ಬೆರಳುದ್ದ ಎದ್ದು ನಿಂತಿತ್ತು. ಅವಳು ಅಲ್ಲಿಂದಲೇ ಗಂಡನನ್ನು ಕೂಗಿದಳು. ಆ ಕೂಗು ಗಂಡನ ಜೊತೆಗೆ ಇಡೀ ಊರನ್ನೂ ಎಬ್ಬಿಸಿತು.

ಊರು ಬಂದಿತು. ನೋಡಿತು. ಕೆನ್ನೆಗೆ ಕೈ ಹಚ್ಚಿತು. ಮರುದಿನ ಮಂಡಕ್ಕಿ ಹಿಡಿದು ಬಂದಿತು. ಮೀನಿಗೆ ಮಂಡಕ್ಕಿ ಹಾಕುವುದು ಪುಣ್ಯವೆಂದು ಯಾರಿಗೆ ಗೊತ್ತಿಲ್ಲ? ಹೊಳೆಯ ತನಕ ಇಳಿಯಲಾಗದ ಮುದುಕಿಯರಿಗೆ ಬೆಟ್ಟದ ಮೇಲೆಯೇ ಮೀನು ಸಿಕ್ಕಿತ್ತು. ಅವಳಿಗೂ ಹಿಗ್ಗು. "ಬನ್ನಿ ಅಜ್ಜಿ, ಹಾಕಿ ಅಜ್ಜಿ, ನಿಮ್ಮದೇ ಮನೆ" ಎಂದಳು. ಎಲ್ಲರಿಗೂ ಕಾಫಿ ಕೊಟ್ಟಳು. "ಚಿನ್ನದಂಥ ಹೆಂಗಸು" ಎಂದು ಊರು ಹೇಳಿತು.

ಮೀನು ತಿಂದು ಉಳಿದ ಮಂಡಕ್ಕಿ ತಳಕ್ಕಿಳಿದು ಕೊಳೆಯಿತು. ನೀರು ನಾರಿತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು. ಊರು ಅದನ್ನೂ ನೋಡಿ, "ಪಾಪ, ಇನ್ನೂ ಹಸಿವು" ಎಂದು ಮತ್ತಷ್ಟು ಹಾಕಿತು. ಒಂದು ಮುಂಜಾನೆ ಕೆಲವು ಮೀನು ಹೊಟ್ಟೆ ಮೇಲಾಗಿ ತೇಲಿದವು. ಸಬ್ಬಸಿಗೆಯ ತುದಿ ಹಳದಿಯಾಯಿತು. ಬೀಗಿತ್ತಿ ಬರುವ ದಿನ ಹತ್ತಿರವಿತ್ತು.

ಅವಳು ಕೆಟ್ಟ ನೀರನ್ನು ಮೊಗೆದು ಚೆಲ್ಲಿದಳು. ತಣ್ಣೀರು ಒಮ್ಮೆಲೇ ಸುರಿದರೆ ಉಳಿದ ಮೀನೂ ಸಾಯುತ್ತವೆಂದು, ಹೊಸ ನೀರನ್ನು ಬಿಸಿಲಲ್ಲಿಟ್ಟು ಬೆಚ್ಚಗಾದ ಮೇಲೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟಳು. ಆಮೇಲೆ ಬಾಗಿಲಲ್ಲಿ ನಿಂತಳು. "ನೋಡಲು ಬನ್ನಿ. ಮಂಡಕ್ಕಿ ಬೇಡ."

"ಮೊನ್ನೆ ನಮ್ಮದೇ ಮನೆ ಅಂದಿದ್ದೆಯಲ್ಲೇ?" ಎಂದಳು ಒಬ್ಬ ಮುದುಕಿ. "ನಾಲ್ಕೆಲೆ ಸೊಪ್ಪು ಬಂದಿದ್ದಕ್ಕೇ ಇಷ್ಟು ಗರ್ವವೇ?"

ಅವಳು ಬಾಗಿಲು ಬಿಡಲಿಲ್ಲ.

ಬೀಗಿತ್ತಿ ಬಂದೇಬಿಟ್ಟಳು. ಆಕೆಯ ಕೈಯಲ್ಲೂ ಒಂದು ಚೀಲ ಮಂಡಕ್ಕಿ! ಹಿಂದೆ ಇಡೀ ಊರು. ಬೀಗರಿಗೆ ಏನು ಹೇಳುತ್ತಾಳೋ ನೋಡೋಣವೆಂದು ಎಲ್ಲರ ಕಣ್ಣೂ ಬಾಗಿಲ ಮೇಲೆ.

ಅವಳು ಕೈಮುಗಿದಳು. "ಒಳಗೆ ಬನ್ನಿ ಬೀಗಿತ್ತಿಯವರೇ. ಆ ಚೀಲ ಮಾತ್ರ ಹೊರಗಿರಲಿ."

"ನಮ್ಮೂರ ಹೊಳೆಯಲ್ಲಿ ಮೀನಿಗೆ ಹಾಕದೆ ನಾನು ಉಣ್ಣುವವಳಲ್ಲ. ಒಂದು ಹಿಡಿಯಿಂದ ಏನಾಗುತ್ತದೆ?"

"ನಿಮ್ಮ ಹೊಳೆ ಹರಿಯುತ್ತದೆ. ನನ್ನ ತೊಟ್ಟಿ ನಿಂತಿರುತ್ತದೆ."

"ನೋಡಿದಿರಾ, ಬೀಗರಿಗೂ ಇಲ್ಲ!" ಎಂದು ಹಿಂದಿನಿಂದ ಯಾರೋ ಅಂದರು.

ಬೀಗಿತ್ತಿಯ ಮುಖ ಕೆಂಪಾಯಿತು. ಆದರೂ ಚೀಲವನ್ನು ಹೊಸ್ತಿಲ ಹೊರಗಿಟ್ಟು ಒಳಗೆ ಹೋದಳು. ಪಾತಿಯಲ್ಲಿ ಅರ್ಧ ಹಳದಿ, ಅರ್ಧ ಹಸಿರು. ಒಂದೆಸಳು ಚಿವುಟಿ ಮೂಸಿದಳು. ಬೆಚ್ಚಗಿನ ಪೀಪಾಯಿಯ ಮೇಲೆ ಅಂಗೈ ಇಟ್ಟು ನಿಂತಳು. ಆಮೇಲೆ ಕೇಳಿದಳು: "ನಾಳೆ ಮಗುವನ್ನು ನೋಡಲು ಇಷ್ಟೂ ಜನ ಬಾಣಂತಿಯ ಕೋಣೆಗೆ ನುಗ್ಗಿದರೆ?"

"ಅಲ್ಲೂ ಬಾಗಿಲಲ್ಲಿ ನಾನೇ ಇರುತ್ತೇನೆ."

"ನಾನು ಬಂದರೆ?"

"ಕೈಕಾಲು ತೊಳೆದು ಬನ್ನಿ."

ಬೀಗಿತ್ತಿ ಗಟ್ಟಿಯಾಗಿ ನಕ್ಕಳು. "ಹುಡುಗಿಯನ್ನು ಈ ವಾರವೇ ಕಳಿಸುತ್ತೇನೆ" ಎಂದಳು.

ಮಗಳು ಬಂದಳು. ಹಿಮದ ನಡುವೆ ಹೆರಿಗೆಯಾಯಿತು. ಬಾಣಂತಿ ದಿನವೂ ಸಬ್ಬಸಿಗೆ ಪಲ್ಯ ಉಂಡಳು. ಕೂಸು ಹೊಟ್ಟೆ ತುಂಬ ಹಾಲು ಕುಡಿಯಿತು. ಊರಿನ ಹೆಂಗಸರು ಮಾತ್ರ ಆ ಮನೆಯ ನಾಮಕರಣಕ್ಕೆ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಕನಕಾಂಬೆಗೆ ಸಂತೋಷವಾಗಿತ್ತು. "ಬಾರದಿದ್ದರೆ ಬಿಡಲಿ ಗುರುಗಳೇ. ಎಲ್ಲ ಸುಖವಾಗಿ ಮುಗಿಯಿತಲ್ಲ. ಆಕೆಗೆ ಅಂಥ ಖರ್ಚಾದರೂ ಏನಾಯಿತು?" ಎಂದಳು.

ಗುರುಗಳು ಹೇಳಿದರು: "ಕೆಲವು ಹಳೆಯ ಕಿಟಕಿ, ಕೆಲವು ಪೀಪಾಯಿ, ಸತ್ತ ನಾಲ್ಕು ಮೀನು, ಮತ್ತು ಊರಿನಲ್ಲಿ ಒಳ್ಳೆಯವಳು ಎಂಬ ಹೆಸರು. ಕನಕಾ, ಆ ಕೊನೆಯದನ್ನು ಕೊಡಲಾರದೆ ನೀನು ಇಲ್ಲಿಗೆ ಬಂದಿದ್ದೀಯೆ."