ದ್ಯಾಮವ್ವ ನುಂಗಿಕೊಂಡ ಮಾತು

ಗದಗ ಸೀಮೆಯ ಒಂದು ಆಸ್ಪತ್ರೆಯಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಚಿಕಿತ್ಸೆ ಕೊಡುವ ಡಾಕ್ಟರೊಬ್ಬರಿದ್ದರು. ಹೆಸರು ಗುರುಪಾದ ಹಂಚಿನಾಳ. ಕೈಗುಣ ಒಳ್ಳೆಯದು, ಮನಸ್ಸು ಅದಕ್ಕಿಂತ ಒಳ್ಳೆಯದು. ಕೊರತೆ ಒಂದೇ, ಸದಾ ಅವಸರ. ಬೆಳಿಗ್ಗೆ ರೋಗಿಗಳು, ಮಧ್ಯಾಹ್ನದ ಮೇಲೆ ಸಂಶೋಧನೆ. ಹೀಗಾಗಿ ಅವರು ನಡೆಯುತ್ತಿದ್ದುದೇ ಅರ್ಧ ಓಟದಲ್ಲಿ.

ಆಗ ಅವರು ಒಂದು ಹೊಸ ಮಾತ್ರೆಯನ್ನು ಪರೀಕ್ಷಿಸುತ್ತಿದ್ದರು. ಬೇರೆ ಊರುಗಳ ಆಸ್ಪತ್ರೆಗಳಲ್ಲೂ ಅದೇ ಪರೀಕ್ಷೆ ನಡೆದಿತ್ತು. ಒಪ್ಪಿಕೊಂಡ ರೋಗಿಗಳಿಗೆ ಅದನ್ನು ಕೊಟ್ಟು, ಗೆಡ್ಡೆ ಕುಗ್ಗಿತೇ, ಮೈಗೆ ಬೇರೇನಾದರೂ ತೊಂದರೆಯಾಯಿತೇ ಎಂದು ಬರೆದಿಡಬೇಕು. ಗೆಡ್ಡೆಗಳು ಕುಗ್ಗುತ್ತಿದ್ದವು. ತೊಂದರೆಯಂತೂ ಯಾರಿಗೂ ಇಲ್ಲ. ಇಂಥ ಮಾತ್ರೆ ಎಲ್ಲಿ ಸಿಗಬೇಕು? ಹೈದರಾಬಾದಿನ ಸಮ್ಮೇಳನದಲ್ಲಿ ಈ ವಿಷಯ ಮಂಡಿಸಲು ಕರೆ ಬಂದಾಗ ಡಾಕ್ಟರು ಹಿಗ್ಗಿ ಹೀರೇಕಾಯಿಯಾದರು.

ಅವರು ತೊಂದರೆ ವಿಚಾರಿಸುತ್ತಿದ್ದ ಬಗೆಯನ್ನು ಕೇಳಿ. ಬಾಗಿಲಲ್ಲೇ ನಿಂತು, ನಗುತ್ತ, "ಆರಾಮ ಅದೀರಿಲ್ಲೋ?" ಎನ್ನುವರು. ರೋಗಿ ಕೈಮುಗಿದು, "ಆರಾಮ ಅದೀನ್ರಿ" ಎನ್ನುವನು. ಆ ಸೀಮೆಯಲ್ಲಿ ಅದೊಂದು ಮರ್ಯಾದೆ. ಕಾಲು ಮುರಿದುಕೊಂಡು ಕೂತವನೂ ಮೊದಲು ಆರಾಮ ಎಂದು ಹೇಳಿ, ಆಮೇಲೆ ಕಾಲಿನ ಸುದ್ದಿ ಎತ್ತುತ್ತಾನೆ. ಆ ಆಮೇಲಿನ ತನಕ ನಿಲ್ಲಲು ಡಾಕ್ಟರಿಗೆ ಪುರುಸೊತ್ತಿರಲಿಲ್ಲ. ತೊಂದರೆ ಇಲ್ಲ ಎಂದು ಬರೆದು ಮುಂದಿನವರತ್ತ ಹೊರಟುಬಿಡುತ್ತಿದ್ದರು.

ಮಾತ್ರೆ ತಿನ್ನುತ್ತಿದ್ದವರಲ್ಲಿ ದ್ಯಾಮವ್ವ ಒಬ್ಬಳು. ಖಾನಾವಳಿ ನಡೆಸುವ ಹೆಂಗಸು. ಬೀಡಿ, ಸಿಗರೇಟು ಮುಟ್ಟಿದವಳಲ್ಲ, ಆದರೆ ಅರ್ಧ ಆಯುಷ್ಯ ಸೌದೆ ಒಲೆಯ ಹೊಗೆ ಕುಡಿದಿದ್ದಳು. ಮಾತ್ರೆಯಿಂದ ಅವಳ ಕೆಮ್ಮು ಇಳಿದು, ಕಣ್ಣಿಗೆ ನಿದ್ದೆ ಹತ್ತಿತು. ಆ ಸಂತೋಷಕ್ಕೆ ತಪಾಸಣೆಗೆ ಬಂದಾಗಲೆಲ್ಲ ಡಾಕ್ಟರಿಗೆಂದು ತಾನೇ ಬಡಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರುತ್ತಿದ್ದಳು. ಅವಳ ರೊಟ್ಟಿ ಎಂದರೆ ಎಲೆಯಷ್ಟು ತೆಳು.

ಹೈದರಾಬಾದಿಗೆ ಹೊರಡುವ ಹಿಂದಿನ ದಿನ ಡಾಕ್ಟರು ಬುತ್ತಿ ಬಿಚ್ಚಿದರೆ ರೊಟ್ಟಿ ದಪ್ಪ, ಅಂಚೆಲ್ಲ ಒಡೆದಿದೆ. ರೋಗದ ವಿಷಯದಲ್ಲಿ ಬೇಗ ಸಮಾಧಾನವಾಗುತ್ತಿದ್ದ ಮನುಷ್ಯ ರೊಟ್ಟಿಯ ವಿಷಯದಲ್ಲಿ ಹಾಗಲ್ಲ. ಹೊರಗೆ ಮಾತ್ರೆಗಾಗಿ ಕಾಯುತ್ತಿದ್ದ ದ್ಯಾಮವ್ವನನ್ನು ಕರೆಸಿ, ಇದು ಯಾರ ಕೈ ರೊಟ್ಟಿ ಎಂದು ಕೇಳಿದರು. ಸೊಸೆಯದು ಎಂದಳು. ನೀವೇಕೆ ಬಡಿಯಲಿಲ್ಲ ಎಂದಾಗ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಒತ್ತಾಯ ಮಾಡಿದ ಮೇಲೆ ತೋರಿಸಿದಳು. ಬೆರಳು, ಅಂಗೈಯೆಲ್ಲ ಸುಟ್ಟ ಬೊಬ್ಬೆ. ಬೆರಳಿಗೆ ಸ್ಪರ್ಶವೇ ಉಳಿದಿರಲಿಲ್ಲ. ಕಾದ ಹಂಚಿನ ಮೇಲೆ ಕೈಯಿದೆ ಎಂಬುದು ಅವಳಿಗೆ ಗೊತ್ತಾದದ್ದು ವಾಸನೆಯಿಂದ.

ಡಾಕ್ಟರಿಗೆ ಆಗ ಹೊಳೆಯಿತು. ಮಾತ್ರೆ ನರಗಳನ್ನು ಕೆಡಿಸುತ್ತಿತ್ತು. ಹೀಗೇ ಬಿಟ್ಟರೆ ಆ ಕೈ ಇನ್ನೆಂದೂ ರೊಟ್ಟಿ ಬಡಿಯದು.

"ಇಷ್ಟು ದಿನ ಯಾಕ ಹೇಳಲಿಲ್ಲಬೇ?"

"ಹೆಂಗ ಹೇಳಲ್ರಿ? ನನ್ನ ಜೀವ ಉಳಿಸಿದವರು ನೀವು. ಉಂಡ ಮನ್ಯಾಗ ಉಪ್ಪು ಕಡಿಮಿ ಅನ್ನಾಕ ಆಗತೈತೇನ್ರಿ?"

ಡಾಕ್ಟರು ಬುತ್ತಿಯನ್ನು ಪಕ್ಕಕ್ಕಿಟ್ಟರು. "ನಿಮ್ಮ ಖಾನಾವಳ್ಯಾಗ ಉಪ್ಪು ಕಡಿಮಿ ಆದ್ರ ಗಿರಾಕಿ ಹೇಳಬೇಕೋ ಬ್ಯಾಡೋ?"

"ಹೇಳಬೇಕ್ರಿ. ಹೇಳದ ಎದ್ದು ಹ್ವಾದ್ರ, ಹಿಂದ ಕುಂತವಂಗೂ ಅದ ಸಾರು ಹೋಗತೈತಿ."

ಅವಳಿಗೆ ಮಾತ್ರೆ ನಿಲ್ಲಿಸಿ, ಡಾಕ್ಟರು ಉಳಿದ ರೋಗಿಗಳ ಹತ್ತಿರ ಹೋದರು. ಈ ಸಲ ಸ್ಟೂಲ್ ಎಳೆದುಕೊಂಡು ಕೂತರು. ಮನೆಗೆ ಹೋದವರಿಗೆ ಫೋನ್ ಮಾಡಿದರು. ಆರಾಮ ಇದ್ದೀರಾ ಎನ್ನಲಿಲ್ಲ, ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ ಎಂದು ಕೇಳಿ, ಬಾಯಿ ಮುಚ್ಚಿಕೊಂಡು ಕಾದರು. ಒಬ್ಬರಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದು. ಇನ್ನೊಬ್ಬರಿಗೆ ಕಾಲಿನಿಂದ ಚಪ್ಪಲಿ ಕಳಚಿದ್ದೇ ತಿಳಿಯದು. ಅವರಿಗೂ ಮಾತ್ರೆ ನಿಲ್ಲಿಸಿದರು.

ಸಹಾಯಕಿಯಾಗಿದ್ದ ಡಾ. ಸುಹಾಸಿನಿ ಕಂಗಾಲಾದಳು. ಬರೆದದ್ದೆಲ್ಲ ರೋಗಿಗಳ ಬಾಯಿಂದಲೇ ಬಂದದ್ದು, ಅದರಲ್ಲಿ ನಮ್ಮ ತಪ್ಪೇನು, ಸಮ್ಮೇಳನ ಮುಗಿಯಲಿ, ಆಮೇಲೆ ತಿದ್ದೋಣ ಎಂದಳು. ಹಂಚಿನಾಳರಿಗೂ ಒಳಗೊಳಗೆ ಆಸೆಯಾಯಿತು. ಅವರೂ ಮನುಷ್ಯರೇ ತಾನೆ! ಆದರೆ ಅಷ್ಟರೊಳಗೆ ಬೇರೆ ಊರುಗಳಲ್ಲಿ ಎಷ್ಟು ಜನ ಈ ಮಾತ್ರೆ ನುಂಗಿರುತ್ತಾರೋ ಎನಿಸಿ ಆ ಆಸೆಯನ್ನು ಬಿಟ್ಟರು.

"ತಪ್ಪು ಅವರು ಹೇಳಿದ್ದರಲ್ಲಿಲ್ಲ ತಂಗಿ, ನಾನು ಕೇಳಿದ್ದರಲ್ಲಿದೆ" ಎಂದರು.

ಹೈದರಾಬಾದಿನಲ್ಲಿ ಅವರು ಅದನ್ನೇ ಹೇಳಿದರು. ಮಾತ್ರೆ ಗೆಡ್ಡೆಯನ್ನು ಕುಗ್ಗಿಸುತ್ತದೆ, ನರಗಳನ್ನು ಕೆಡಿಸುತ್ತದೆ, ಎರಡನೆಯದನ್ನು ನಾನು ಕಾಣದೇ ಹೋದೆ ಎಂದರು. ಚಪ್ಪಾಳೆ ಜೋರಾಗೇನೂ ಬೀಳಲಿಲ್ಲ. ಚಹದ ಹೊತ್ತಿಗೆ ಅದೇ ಮಾತ್ರೆ ಕೊಡುತ್ತಿದ್ದ ಬೇರೆ ಊರಿನ ಡಾಕ್ಟರೊಬ್ಬರು ಹತ್ತಿರ ಬಂದು, ಎರಡನೇ ಸಲ ನೀವು ಹೇಗೆ ಕೇಳಿದಿರಿ, ಇನ್ನೊಮ್ಮೆ ಹೇಳಿ ಎಂದು ತಗ್ಗಿದ ದನಿಯಲ್ಲಿ ಕೇಳಿಕೊಂಡರು.

ಆಮೇಲೆ ಮಾತ್ರೆಯ ಪ್ರಮಾಣ ಇಳಿಸಿ ಮತ್ತೆ ಕೊಟ್ಟರು. ಕೆಮ್ಮು ಮರುಕಳಿಸಲಿಲ್ಲ. ದ್ಯಾಮವ್ವನ ಬೆರಳುಗಳು ಒಂದೊಂದಾಗಿ ಎಚ್ಚರವಾದವು, ಅವಳು ಮತ್ತೆ ರೊಟ್ಟಿ ಬಡಿದಳು. ಆದರೆ ಬಲಗೈಯ ಎರಡು ಬೆರಳ ತುದಿಗೆ ಸ್ಪರ್ಶ ಮರಳಲೇ ಇಲ್ಲ. ಡಾಕ್ಟರು ಅದನ್ನೂ ಬರೆದಿಟ್ಟರು.

ನೀತಿ: ನಮಗೆ ಬೇಕಾದ ಉತ್ತರವನ್ನು ಪ್ರಶ್ನೆಯಲ್ಲೇ ಇಟ್ಟು ಕೇಳಿದರೆ, ಎದುರಿನವರು ಮರ್ಯಾದೆಗೆ ಅದನ್ನೇ ಹಿಂದಿರುಗಿಸುತ್ತಾರೆ. ನೋವನ್ನು ತಿಳಿಯಬೇಕೆಂದರೆ ಕೂತು ಕೇಳಬೇಕು, ಕೇಳಿ ಕಾಯಬೇಕು.